ಕಿಟಕಿಯಾಚೆಯ ಹೇಡನ್

ನಮ್ಮ ಕಾರ್ಡಿಫ್‌ನಲ್ಲಿ ಲೀಗ್ ರಗ್ಬಿಯ ಕ್ಲಬ್ ಕಟ್ಟುವವರಿಗೆ ಯಾವತ್ತೂ ಕೊರತೆಯಿಲ್ಲ, ಉಳಿಸಿಕೊಳ್ಳುವವರಿಗೆ ಮಾತ್ರ ಬರ. ಐವತ್ತರ ದಶಕದ ಆರಂಭದಲ್ಲಿ ಒಂದು ಹುಟ್ಟಿ, ಒಂದೇ ಚಳಿಗಾಲ ಆಡಿ ಕಣ್ಣುಮುಚ್ಚಿತು. ಆ ಚಳಿಗಾಲ ಅದರಲ್ಲಿ ಆಡಿದವನು ಉಕ್ಕಿನ ಕಾರ್ಖಾನೆಯ ಹೇಡನ್ ಪ್ರಾಸರ್. ಅದಕ್ಕಾಗಿ ಅವನು ಮೂವತ್ತು ವರ್ಷ ಕಿಟಕಿಯಾಚೆ ನಿಂತು ಬಿಯರ್ ಕುಡಿದ.

ರಗ್ಬಿಯಲ್ಲಿ ಎರಡು ಪಂಗಡ. ಯೂನಿಯನ್ ರಗ್ಬಿಯವರು ಮಡಿವಂತರು, ಆಟಕ್ಕೆ ದುಡ್ಡು ಮುಟ್ಟುವವರಲ್ಲ. ಲೀಗಿನವರು ಮುಟ್ಟುತ್ತಾರೆ. ಒಮ್ಮೆ ಅತ್ತ ಕಾಲಿಟ್ಟವನು ಸಾಯುವತನಕ ಯೂನಿಯನ್ ಕ್ಲಬ್ಬಿನ ಹೊಸ್ತಿಲು ತುಳಿಯುವ ಹಾಗಿರಲಿಲ್ಲ. ಸ್ಪ್ಲಾಟ್‌ನ ನಮ್ಮ ಬೀದಿಯ ಕ್ಲಬ್ಬೂ ಅಂಥದ್ದೇ. ಅದರ ಬಾರಿನಲ್ಲಿ ಗ್ಲಾಸು ತುಂಬಿಸುತ್ತಿದ್ದವಳು ನಾನು. ನಿಯಮದಲ್ಲಿ ಬಾಗಿಲಿನ ಮಾತಿತ್ತೇ ಹೊರತು ಕಿಟಕಿಯ ಮಾತಿರಲಿಲ್ಲ. ಹಾಗಾಗಿ ಶನಿವಾರ ಸಂಜೆ ಹೇಡನ್ ಹೊರಗೆ ಬಂದು ನಿಲ್ಲುತ್ತಿದ್ದ, ನಾನು ಒಳಗಿಂದ ಗ್ಲಾಸು ದಾಟಿಸುತ್ತಿದ್ದೆ. ಮಳೆ ಬಂದರೆ ಟೋಪಿ ತೆಗೆದು ಗ್ಲಾಸಿನ ಮೇಲೆ ಹಿಡಿಯುತ್ತಿದ್ದ.

“ಒಳಗಡೆ ಗಾಳಿ ಸರಿಯಿಲ್ಲ ಕಣೆ ಬೆರಿಲ್. ಬರೀ ಸುಳ್ಳಿನ ವಾಸನೆ” ಅನ್ನುತ್ತಿದ್ದ.

ಯಾವ ಸುಳ್ಳು ಅಂತ ನನಗೆ ಗೊತ್ತಿತ್ತು, ಅವನ ಮಗಳು ಡೆಲಿತ್‌ಗೂ ಗೊತ್ತಿತ್ತು. ಕ್ಲಬ್ಬಿನ ಕಾರ್ಯದರ್ಶಿ ಐವರ್ ಟ್ರೆಹಾರ್ನ್, ನಿಯಮ ಅಂದರೆ ಪ್ರಾಣ ಬಿಡುವ ಮನುಷ್ಯ, ಅದೇ ಚಳಿಗಾಲ ಅದೇ ಲೀಗ್ ತಂಡದಲ್ಲಿ ಹೇಡನ್ ಪಕ್ಕದಲ್ಲೇ ಆಡಿದ್ದ. ಆದರೆ ಸುಳ್ಳು ಹೆಸರು ಕೊಟ್ಟು, ಮುಖಕ್ಕೆ ಬ್ಯಾಂಡೇಜು ಸುತ್ತಿಕೊಂಡು. ಲೀಗ್ ಆಟ ಕೈಗೆ ಹತ್ತುತ್ತದೋ ನೋಡೋಣ ಅಂತ ಬಂದವರೆಲ್ಲ ಆಗ ಹಾಗೇ ಮಾಡುತ್ತಿದ್ದರು. ಹತ್ತದಿದ್ದರೆ ಸದ್ದಿಲ್ಲದೆ ಯೂನಿಯನ್‌ಗೆ ವಾಪಸು. ಹೇಡನ್ ಒಬ್ಬನೇ ಪೆದ್ದ, ಸ್ವಂತ ಹೆಸರು ಕೊಟ್ಟಿದ್ದ.

ಎಂಬತ್ತೆರಡರಲ್ಲಿ ಡೆಲಿತ್ ಮದುವೆ ಗೊತ್ತಾಯಿತು. ಹುಡುಗ ನಮ್ಮ ಕ್ಲಬ್ಬಿನ ಆಟಗಾರ, ಊಟ ಕುಣಿತವೆಲ್ಲ ಕ್ಲಬ್ಬಿನಲ್ಲೇ. ಆಗಷ್ಟೇ ಊರಿನ ಫುಟ್ಬಾಲ್ ಮೈದಾನದಲ್ಲಿ ಇನ್ನೊಂದು ಲೀಗ್ ಕ್ಲಬ್ ಶುರುವಾಗಿ ಮಡಿವಂತರೆಲ್ಲ ಮೈ ಪರಚಿಕೊಳ್ಳುತ್ತಿದ್ದರು. ಅಂಥ ಹೊತ್ತಲ್ಲಿ ಅವಳು ಹೋಗಿ, ಅಪ್ಪನನ್ನು ಅದೊಂದು ದಿನ ಒಳಗೆ ಬಿಡಿ ಎಂದು ಕೇಳಿದಳು. ಐವರ್ ಕನ್ನಡಕ ಒರೆಸಿಕೊಂಡ.

“ನಿಯಮ ನಾನು ಮಾಡಿದ್ದಲ್ಲಮ್ಮ.”

ಅವಳು ನೇರ ಕಿಟಕಿಗೆ ಬಂದಳು. “ಅಪ್ಪಾ, ಆ ಬ್ಯಾಂಡೇಜಿನ ವಿಷಯ ಒಂದ್ಮಾತು ಬಾಯಿಬಿಡು, ಸಾಕು. ನೀನಿಲ್ದೆ ನಾನು ಯಾರ ಜೊತೆ ಕುಣೀಲಿ?”

“ಗಂಡ ಇರ್ತಾನಲ್ಲ.”

“ತಮಾಷೆ ಬೇಡ.”

ಹೇಡನ್ ಗ್ಲಾಸು ಕೆಳಗಿಟ್ಟ. “ಅವ್ನು ನನ್ ಪಕ್ಕ ನಿಂತು ಆಡ್ದೋನು ಕಣಮ್ಮ. ಅಂಥವನ್ನ ಹಿಡ್ಕೊಡೋಕಾಗಲ್ಲ. ಒಳಗೆ ಬರ್ಬೇಕು ಅಂತ ನಂಗೂ ಎಷ್ಟು ಆಸೆಯಿದೆ ಗೊತ್ತಾ?”

ಆಸೆಯ ಮಾತು ಅವನ ಬಾಯಲ್ಲಿ ಅದೇ ಮೊದಲು ಕೇಳಿದ್ದು. ಅವತ್ತಿನಿಂದ ಐವರ್‌ಗೆ ಬಿಯರಿಗಿಂತ ನೊರೆಯೇ ಜಾಸ್ತಿ ಕೊಟ್ಟೆ.

ಮದುವೆಯ ದಿನ ಹೇಡನ್ ಮಗಳ ಕೈಹಿಡಿದು ಹೊಸ್ತಿಲತನಕ ಬಂದ, ಅಲ್ಲಿ ಕೈ ಬಿಟ್ಟು ಗೋಡೆ ಸುತ್ತಿಕೊಂಡು ಕಿಟಕಿಗೆ ಬಂದ. ಹಂದಿಮಾಂಸ, ಈರುಳ್ಳಿ ಉಪ್ಪಿನಕಾಯಿ ನನ್ನ ಕೈಯಿಂದ ಹೊರಗೆ ಹೋದವು. ಮದುಮಗಳ ಅಪ್ಪನ ಭಾಷಣ ಹೊರಗಿಂದ ಒಳಗೆ ಬಂತು.

“ಅಳಿಯಂದಿರೇ, ದುಡ್ಡಿಲ್ದೆ ಆಟ ಆಡ್ತೀರಿ, ಬಹಳ ಸಂತೋಷ. ದುಡ್ಡಿಲ್ದೆ ಸಂಸಾರ ಮಾತ್ರ ಮಾಡೋಕೆ ಹೋಗ್ಬೇಡಿ.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹಾಡು ಹಾಕಿದರು, ಅಪ್ಪ ಮಗಳು ಕುಣಿಯುವ ಹಾಡು. ಡೆಲಿತ್ ನಡುವೆ ಒಬ್ಬಳೇ ನಿಂತಳು.

ಐವರ್ ಎದ್ದು ಬಾಗಿಲು ತೆಗೆದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಅವನ ಮುಖ ಕಿಟಕಿಯಲ್ಲಿ, ಹೇಡನ್ ಪಕ್ಕದಲ್ಲಿ ಕಾಣಿಸಿತು. ಮಳೆ ಹನಿಯುತ್ತಿತ್ತು.

“ಬೆರಿಲ್, ನನ್ ಗ್ಲಾಸೂ ಇಲ್ಲಿಗೇ ಕೊಡು. ನಾನೂ ಒಳಗಿರೋ ಹಾಗಿಲ್ಲ.”

“ಲೇ, ಸುಮ್ನಿರೋ” ಅಂದ ಹೇಡನ್.

“ಸುಮ್ನಿದ್ದದ್ದು ಸಾಕು ಕಣೋ.” ಐವರ್ ಅಲ್ಲೇ ನಿಂತು ಸುಳ್ಳು ಹೆಸರು, ಬ್ಯಾಂಡೇಜು ಎಲ್ಲವನ್ನೂ ಒಳಗಿದ್ದವರಿಗೆ ಹೇಳಿಬಿಟ್ಟ.

ಈಗ ಬಾಗಿಲಲ್ಲಿ ತಡೆಯುವವರು ಯಾರೂ ಇರಲಿಲ್ಲ. ಹುಡುಗರು ಹೇಡನ್‌ನನ್ನು ಕೂಗಿ ಕರೆದರು. ಅವನು ತಲೆಯಾಡಿಸಿದ.

“ಇವನೊಬ್ಬನ್ನೇ ಮಳೇಲಿ ಬಿಟ್ಟು ಹೇಗಪ್ಪ ಬರ್ಲಿ?”

ಡೆಲಿತ್ ಬಿಳಿ ಉಡುಪನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಹೊರಗೆ ಓಡಿದಳು. ಹಾಡು ಚೆನ್ನಾಗಿ ಕೇಳಲೆಂದು ನಾನು ಕಿಟಕಿಯನ್ನು ಪೂರ್ತಿ ತೆಗೆದೆ.