ಬಾಗಿನ ಕೊಟ್ಟೇ ಇಲ್ಲವಂತೆ

ಗೌರಿ ಹಬ್ಬದ ಹಿಂದಿನ ದಿನ, ಚುನಾವಣೆಗೆ ನಿಲ್ಲಲಿದ್ದ ಮುಖಂಡರೊಬ್ಬರು ಸರಸ್ವತಿಪುರಂನ ನಮ್ಮ ರಸ್ತೆಯ ಹೆಂಗಸರಿಗೆಲ್ಲ ಬಾಗಿನ ಕೊಟ್ಟರು. ಮೊರದ ತುಂಬ ಬಳೆ, ಕುಂಕುಮ, ಬೆಲ್ಲ, ತೆಂಗಿನಕಾಯಿ, ಮೇಲೊಂದು ಸೀರೆ. ಗಂಡ ತೀರಿಹೋದವಳಿಗೆ ಬಾಗಿನ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮವರು ಹೋದ ಮೇಲೆ ಹನ್ನೆರಡು ವರ್ಷ ಆ ಹಬ್ಬದಲ್ಲಿ ನಾನು ಅಡುಗೆಮನೆ ಬಿಟ್ಟು ಈಚೆಗೆ ಬಂದವಳಲ್ಲ. ಅವರು ನನ್ನನ್ನೂ ಕರೆದರು. ವೋಟಿಗೆಲ್ಲಿಯ ಮುತ್ತೈದೆತನ!

"ಕುಂಕುಮ ಮುಟ್ಟಿ ಹೇಳಿ ತಾಯಿ, ವೋಟು ನಮಗೇ ತಾನೆ?" ಎಂದರು.

ಮುಟ್ಟಿ ಹೇಳಿದೆ. ತಪ್ಪೆಂದು ಗೊತ್ತಿತ್ತು. ಮೊರ ಕೈಗೆ ಬಂದ ಖುಷಿ ಅದಕ್ಕಿಂತ ದೊಡ್ಡದಿತ್ತು.

ಬೀದಿಯ ಹೂವಿನವಳು ಇದನ್ನೆಲ್ಲ ಫೋನಿನಲ್ಲಿ ಹಿಡಿದಿದ್ದಳು. ವಿಡಿಯೊ ಊರೆಲ್ಲ ಓಡಾಡಿತು. ಮರುದಿನ ಮುಖಂಡರು ಟಿವಿಯಲ್ಲಿ ನಕ್ಕರು.

"ಎಲ್ಲಾ ಫೇಕ್ ಕಣ್ರೀ, ಕಂಪ್ಯೂಟರಲ್ಲಿ ಮಾಡಿರೋದು. ಗಂಡ ಇಲ್ದಿರೋ ಅಜ್ಜಿಗೆ ಯಾರಾದ್ರೂ ಬಾಗಿನ ಕೊಡ್ತಾರಾ? ಅಲ್ಲೇ ಗೊತ್ತಾಗಲ್ವಾ?"

ಸುಳ್ಳು ವಿಡಿಯೊ ಹರಡಿದಳೆಂದು ಹೂವಿನವಳ ಮೇಲೆ ದೂರು ಹೋಯಿತು. ಠಾಣೆಗೆ ಬರಹೇಳಿದರು. ನಮ್ಮ ರಸ್ತೆಯ ವಾಟ್ಸಾಪ್ ಗುಂಪಿನಲ್ಲಿ ಬಾಗಿನ ಪಡೆದವರೆಲ್ಲ "ಫೇಕ್" ಎಂದು ಹಾಕಿ ಕೈ ಮುಗಿದರು.

ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ಪಿಸುಗುಟ್ಟಿದಳು: "ಸುಮ್ನಿದ್ಬುಡಿ ಅಜ್ಜಿ. ನಮ್ಮ ಮಾನಾನೂ ಉಳ್ಕೊಳತ್ತೆ."

ನಿಜವೇ. ಅವರ ಸುಳ್ಳಿನ ಕೊಡೆಯಡಿ ನನಗೂ ಜಾಗವಿತ್ತು. ನಾನೇ ಇಲ್ಲವೆಂದಾದರೆ ನನ್ನ ತಪ್ಪೂ ಇಲ್ಲ. ಆದರೆ ಹೂವಿನವಳು ಠಾಣೆಯ ಮೆಟ್ಟಿಲು ಹತ್ತುವಾಗ ಕೊಡೆ ಅವಳ ತಲೆಯ ಮೇಲಿರುವುದಿಲ್ಲ.

ಒಂದೊಂದೇ ಅಕ್ಷರ ಹುಡುಕಿ, ಅರ್ಧ ಗಂಟೆ ಕುಟ್ಟಿ ಗುಂಪಿಗೆ ಕಳಿಸಿದೆ: "ಆ ಅಜ್ಜಿ ನಾನೇ. ಬಾಗಿನ ಇಸ್ಕೊಂಡೆ. ಆಣೆನೂ ಇಟ್ಟೆ."

ಹತ್ತು ನಿಮಿಷಕ್ಕೆ ಮುಖಂಡರ ಕಡೆಯವನ ಫೋನು. "ಅಜ್ಜೀ, ಅದನ್ನ ಅಳಿಸ್ಬುಡಿ."

"ಮೊಮ್ಮಗಳು ಬರೆಯೋದಷ್ಟೇ ಹೇಳ್ಕೊಟ್ಟವ್ಳೆ ಕಣಪ್ಪ. ಅಳಿಸೋ ಪಾಠ ಇನ್ನೂ ಆಗಿಲ್ಲ."

ಹೂವಿನವಳ ಜೊತೆ ಆಟೊದಲ್ಲಿ ಠಾಣೆಗೆ ಹೋದೆ. ದಾರಿಯುದ್ದಕ್ಕೂ ಅವಳು, "ನಿಮ್ಮ ಮೇಲೂ ಕೇಸಾದ್ರೆ ಏನಮ್ಮಾ?" ಎನ್ನುತ್ತಿದ್ದಳು. ನಾನು ಅವಳ ಕೈ ಹಿಡಿದು ಕೂತೆ.

ಠಾಣೆಯಲ್ಲಿ ನನ್ನ ಮಾತು ಬರೆದುಕೊಂಡ ಪೊಲೀಸಿನವರು ವಿಡಿಯೊ ನೋಡಿದರು, ನನ್ನ ಮುಖ ನೋಡಿದರು. ಅವಳಿಗೆ, "ನೀನು ಹೋಗಮ್ಮ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಇಸ್ಕೊಳೋದು ತಪ್ಪು ಅಂತ ಗೊತ್ತಿತ್ತಾ ಅಜ್ಜಿ?"

"ಗೊತ್ತಿತ್ತು ಸ್ವಾಮಿ. ಅದನ್ನೂ ಬರ್ಕೊಳಿ."