ಗೋಣಿನ ಲಟಿಕೆ ಬಿಟ್ಟ ಗೂಳಪ್ಪ

ಪೇಪರ್ ಮಿಲ್ಲಿನ ಬೆಳಗಿನ ಪಾಳಿಯ ಭೋಂಗಾ ಇನ್ನೂ ಕೂಗಿಲ್ಲ. ಹಳೆ ದಾಂಡೇಲಿಯ ಓಣಿಯೊಂದರಲ್ಲಿ ಗೇಮಪ್ಪನ ಮನೆಯ ಕಟ್ಟೆಗೆ ಸೈಕಲ್ಲು ಆನಿಸಿ, ಕ್ಯಾರಿಯರಿನಿಂದ ತಗಡಿನ ಪೆಟ್ಟಿಗೆ ಇಳಿಸಿಕೊಂಡು, ಕ್ಷೌರಿಕ ಗೂಳಪ್ಪ ಹಡಪದ ಬಾಗಿಲಲ್ಲೇ ಕೂಗು ಹಾಕುತ್ತಾರೆ. "ಗೇಮಣ್ಣಾ, ಎದ್ದೀ ಏನಪಾ? ಮದುಮಗನ್ನ ತಯಾರ ಮಾಡಾಕ ಬಂದೇನಿ!"

ಒಳಗಿನಿಂದ ನಗು ಕೇಳಿಸುತ್ತದೆ. ಗೇಮಪ್ಪ ಕಟ್ಟಿಗೆ ಡಿಪೋದಲ್ಲಿ ಹಮಾಲಿ ಮಾಡುತ್ತಿದ್ದ ಗಟ್ಟಿ ಆಳು. ಕಳೆದ ದೀಪಾವಳಿಗೆ ಲಕ್ವಾ ಹೊಡೆದು ಎಡ ಮೈ ಸೋತಿದೆ. ಗೂಳಪ್ಪ ಅವನನ್ನು ಗೋಡೆಗೆ ಒರಗಿಸಿ ಕೂರಿಸಿ, ಕೊರಳಿಗೆ ಟವೆಲ್ಲು ಸುತ್ತಿ, ಬುರುಶಿನಿಂದ ನೊರೆ ಎಬ್ಬಿಸುತ್ತಾರೆ. ಬಲಗಲ್ಲ ಎರಡೇ ನಿಮಿಷದ ಕೆಲಸ. ಎಡಗಲ್ಲಕ್ಕೆ ಬಂದಾಗ ಕೈ ನಿಧಾನವಾಗುತ್ತದೆ.

"ಗಟ್ಟಿ ಗಲ್ಲ ಕತ್ತಿಗೆ ಎದುರು ನಿಲ್ತೈತ್ರಿ. ಸೋತ ಗಲ್ಲ ಕತ್ತಿ ಹಿಂದ ಜೋತಕೊಂಡ ಬರ್ತೈತಿ. ಎರಡ ಬೆರಳಲೆ ಜಗ್ಗಿ ಹಿಡದ ಮಾಡಬೇಕು. ಮ್ಯಾಲ ಇವರು ರಕ್ತ ತೆಳ್ಳಗ ಮಾಡೂ ಗುಳಗಿ ತಗೊಂಡಿರ್ತಾರ. ಒಂದ ಚೂರ ತಾಗಿದ್ರೂ ರಕ್ತ ಲಗೂ ನಿಲ್ಲಂಗಿಲ್ಲ" ಎನ್ನುತ್ತಾರೆ. ಕೆಲಸದ ನಡುನಡುವೆ ಅವರ ಬಾಯಿಂದ ಮೂರು ಪ್ರಶ್ನೆ ಬಂದೇ ಬರುತ್ತವೆ. ಕಣ್ಣಿಗೆ ಪರದೆ ಬಿದ್ದಂಗ ಆಗಿತ್ತೇನು? ಕೈ ಜೋಮು ಹಿಡದಿತ್ತೇನು? ನಾಲಿಗಿ ತೊದಲಿತ್ತೇನು? ಗೇಮಪ್ಪ ಮೂರಕ್ಕೂ ಇಲ್ಲವೆಂದು ತಲೆ ಅಲ್ಲಾಡಿಸುತ್ತಾನೆ. ದಾಡಿ ಮುಗಿದ ಮೇಲೆ ಮಾತ್ರ ಹಳೇ ಚಟ ಬಿಡದೆ ಗೋಣು ಮುಂದೆ ಮಾಡಿ, "ಒಂದ ಸಲ ಲಟ್ ಅನಸೋ" ಎಂದು ಗೋಗರೆಯುತ್ತಾನೆ.

"ಅದೊಂದು ಬಿಟ್ಟ ಏನರ ಕೇಳಪಾ!" ಗೂಳಪ್ಪ ಟವೆಲ್ಲು ಕೊಡವಿ ಎದ್ದೇಬಿಡುತ್ತಾರೆ.

ಹಾಗೆ ನೋಡಿದರೆ ದಾಂಡೇಲಿಯಲ್ಲಿ ಗೂಳಪ್ಪನ ಹೆಸರು ನಿಂತದ್ದೇ ಆ ಲಟಿಕೆಯ ಮೇಲೆ. ಅಳ್ನಾವರದಿಂದ ತಂದೆಯ ಜೊತೆ ಬಂದು ಬಸ್‌ಸ್ಟ್ಯಾಂಡಿನ ಬದಿಗೆ ಎರಡು ಕುರ್ಚಿಯ ಅಂಗಡಿ ಹಾಕಿದಾಗ ಅವರಿಗೆ ಇಪ್ಪತ್ತು ವರ್ಷ. ಈಗ ಐವತ್ತು ದಾಟಿದೆ. ದಾಡಿ, ಕಟಿಂಗು ಯಾರಾದರೂ ಮಾಡುತ್ತಾರೆ. ಆದರೆ ಕೊನೆಗೆ ಒಂದು ಅಂಗೈ ಗದ್ದಕ್ಕೆ, ಇನ್ನೊಂದು ಹಿಂದಲೆಗೆ ಕೊಟ್ಟು, ಗಿರಾಕಿ ಉಸಿರು ಬಿಡುವ ಹೊತ್ತಿಗೆ ಸರಿಯಾಗಿ ಗೋಣನ್ನು ಆಚೆ ಒಮ್ಮೆ, ಈಚೆ ಒಮ್ಮೆ ತಿರುವಿದರೆ ಲಟ್ ಎಂಬ ಸಪ್ಪಳ ಪಕ್ಕದ ಚಹಾದಂಗಡಿಗೆ ಕೇಳಬೇಕು. ಅದು ಗೂಳಪ್ಪನದೇ ಕೈ. ಜೊಯಿಡಾದಿಂದ ಬೆಳಗಿನ ಬಸ್ಸಿಗೆ ಬಂದವರು ಕಚೇರಿ ಕೆಲಸ ಆಮೇಲೆ ನೋಡೋಣ ಎಂದು ಮೊದಲು ಈ ಕುರ್ಚಿಗೆ ಬಂದು ಕೂರುತ್ತಿದ್ದರು. ಹಮ್ಮು ಇತ್ತೇ ಎಂದು ಕೇಳಿದರೆ ಗೂಳಪ್ಪ ಮುಚ್ಚಿಡುವುದಿಲ್ಲ. "ಇತ್ತರೀ. ಭಾಳ ಇತ್ತು. ಡಾಕ್ಟರಗಿಂತ ನಾ ಏನ ಕಡಿಮಿ ಅಂತಿದ್ದೆ."

ಆ ಹಮ್ಮು ಇಳಿದದ್ದು ಎರಡು ವರ್ಷದ ಹಿಂದೆ, ಎರಡು ಸಾವಿರದ ಎರಡರ ಬೇಸಿಗೆಯಲ್ಲಿ. ಮಹಾಬಳೇಶ್ವರ ಎಂಬವರು ಮಿಲ್ಲಿನ ಬಾಯ್ಲರ್ ವಿಭಾಗದಿಂದ ನಿವೃತ್ತರಾಗಿ ಊರಿನದೇ ಬಂಗೂರನಗರದಲ್ಲಿ ಇದ್ದರು. ಇಪ್ಪತ್ತು ವರ್ಷದ ರವಿವಾರದ ಗಿರಾಕಿ. ದಿನಕ್ಕೊಂದು ಕಟ್ಟು ಬೀಡಿ. ಬೀಪಿಯ ಗುಳಿಗೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ರವಿವಾರ ಕುರ್ಚಿಯಲ್ಲಿ ಕೂತಿದ್ದಾಗ ಅವರ ಬಲಗೈಯಿಂದ ಪೇಪರು ಜಾರಿ ಬಿತ್ತು. ಎತ್ತಲು ಹೋದರೆ ಕೈ ಮೇಲೇಳಲಿಲ್ಲ. ಹಿಂದಿನ ದಿನ ಎಡಗಣ್ಣಿಗೆ ಪರದೆ ಇಳಿದ ಹಾಗಾಗಿ ಮತ್ತೆ ಸರಿಹೋಗಿದ್ದನ್ನೂ ಅವರು ಆಗಲೇ ಹೇಳಿದರು. ಗೂಳಪ್ಪ ಎದೆ ಉಬ್ಬಿಸಿ, "ನರ ಹಿಡದೈತ್ರಿ ಕಾಕಾರ, ನೋಡ್ತಿರ್ರಿ" ಎಂದು ಬೆಚ್ಚಗಿನ ಎಣ್ಣೆ ಹಚ್ಚಿ ತಿಕ್ಕಿ, ಗೋಣು ತಿರುವಿದರು. ಹತ್ತು ನಿಮಿಷದಲ್ಲಿ ಕೈ ಮೊದಲಿನಂತಾಯಿತು!

ಇನ್ನೇನು ಬೇಕು? ಅಂಗಡಿಯಲ್ಲಿದ್ದವರೆಲ್ಲ ಬಾಯ ಮೇಲೆ ಬೆರಳಿಟ್ಟರು. ಮಹಾಬಳೇಶ್ವರರಂತೂ ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಹೆಂಡತಿ ನಿರ್ಮಲಾ ಅವರಿಗೆ ಗೊತ್ತಾದರೆ ಬೀಡಿ ಕಸಿದುಕೊಳ್ಳುತ್ತಾರೆಂಬ ಹೆದರಿಕೆ. ಮತ್ತೆ ಎರಡು ಸಲ ಕೈ ಸೋತಾಗಲೂ ಅವರು ಓಡಿ ಬಂದದ್ದು ಗೂಳಪ್ಪನ ಕುರ್ಚಿಗೆ. ಎರಡು ಸಲವೂ ಲಟಿಕೆ, ಎರಡು ಸಲವೂ ಗುಣ. ಕೈ ತಾನಾಗಿಯೇ ಸರಿಹೋಗುತ್ತಿದೆ, ದೊಡ್ಡ ಹೊಡೆತ ಹಿಂದೆ ನಿಂತಿದೆ ಎಂಬುದು ತಿರುವುವವರಿಗೂ ಗೊತ್ತಿರಲಿಲ್ಲ, ತಿರುವಿಸಿಕೊಳ್ಳುವವರಿಗೂ ಗೊತ್ತಿರಲಿಲ್ಲ.

ನಾಲ್ಕನೆಯ ರವಿವಾರ ಎಂದಿನಂತೆ ಗೋಣು ತಿರುವಿಸಿಕೊಂಡು ಹೋದ ಮನುಷ್ಯ ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತ ಬಚ್ಚಲಲ್ಲಿ ಕುಸಿದರು. ಬಾಯಿ ಸೊಟ್ಟಗಾಯಿತು, ಬಲ ಮೈ ಬಿತ್ತು, ಮಾತು ನಿಂತಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದರು. ಮಧ್ಯಾಹ್ನದ ಹೊತ್ತಿಗೆ ಇಡೀ ಬಸ್‌ಸ್ಟ್ಯಾಂಡಿನ ಬಾಯಲ್ಲಿ ಒಂದೇ ಮಾತು: ಗೂಳಪ್ಪ ಗೋಣು ಮುರಿದ.

ಗೂಳಪ್ಪ ಅಂಗಡಿಗೆ ಬೀಗ ಹಾಕಿದರು. ನಾಲ್ಕು ದಿನ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತರು. "ನನ್ನ ಕೈಯ ಮಾಡೇತೇನು ಇದನ್ನ ಅಂತ ಕೈ ನೋಡ್ಕೋತ ಕೂಡ್ತಿದ್ದೆ. ಈ ಕೈಲೆ ಮತ್ತ ಯಾರ ಮಾರಿ ಮುಟ್ಟಲಿ?" ಐದನೆಯ ದಿನ ಅವರ ಹೆಂಡತಿ ನೀಲಕ್ಕನ ತಾಳ್ಮೆ ಕೆಟ್ಟಿತು. "ಗ್ವಾಡಿ ನೋಡ್ಕೋತ ಕುಂತ್ರ ಅವರ ಕೈ ಏಳ್ತೈತೇನು? ಮಾಡಿದ್ದನ್ನ ಹೋಗಿ ಡಾಕ್ಟರ ಮುಂದ ಹೇಳ್ರಿ. ಜೇಲಿಗೆ ಹಾಕ್ತಾರಂದ್ರ ಹಾಕಲಿ, ಬುತ್ತಿ ನಾ ತರ್ತೇನಿ" ಎಂದು ಬಸ್ಸಿಗೆ ಹತ್ತಿಸಿಯೇ ಬಿಟ್ಟರು.

ವಾರ್ಡಿನಲ್ಲಿ ಇವರನ್ನು ಕಂಡ ನಿರ್ಮಲಾ ಮುಖ ತಿರುಗಿಸಿದರು. ನರರೋಗದ ವೈದ್ಯೆ ಮಹಾಬಳೇಶ್ವರರನ್ನು ಮರುದಿನ ಮನೆಗೆ ಕಳಿಸುವ ಚೀಟಿ ಬರೆಯುತ್ತಿದ್ದರು. ಗೂಳಪ್ಪ ಕೈಜೋಡಿಸಿ ನಿಂತು, "ಡಾಕ್ಟರಬಾಯಾರ, ತಪ್ಪು ನಂದು. ಕೈ ಸೋಲಾಕ ಹತ್ತಿದ ಮ್ಯಾಲ ಒಂದ ಸಲ ಅಲ್ಲ, ನಾಕ ಸಲ ಗೋಣ ತಿರುವೇನಿ" ಎಂದು ಶುರುಮಾಡಿ, ಪೇಪರು ಜಾರಿದ್ದು, ಕಣ್ಣಿಗೆ ಪರದೆ ಬಿದ್ದದ್ದು, ಎಣ್ಣೆ ಹಚ್ಚಿದ್ದು ಒಂದನ್ನೂ ಬಿಡದೆ ಒಪ್ಪಿಸಿದರು. ಬೈಗುಳಕ್ಕೆ ಕಾದು ನಿಂತವರ ಮುಂದೆ ವೈದ್ಯೆಯ ಪೆನ್ನು ನಿಂತುಹೋಯಿತು.

"ಯಾವ ಕಣ್ಣು?"

"ಎಡಗಣ್ಣರೀ."

"ಸೋತದ್ದು ಬಲಗೈ. ಎಷ್ಟು ಹೊತ್ತು? ಎಷ್ಟು ಸಲ?" ಅವರು ಒಂದೊಂದನ್ನೇ ಬರೆದುಕೊಂಡರು. "ಅಲ್ರೀ, ಇದನ್ನ ಮನಿಯವರು ಯಾರೂ ನನಗ ಹೇಳ್ಲೇ ಇಲ್ಲ!"

ಹೇಳಲು ಮನೆಯವರಿಗೆ ಗೊತ್ತಿದ್ದರೆ ತಾನೇ? ಪೂರ್ತಿ ಗೊತ್ತಿದ್ದ ಇಬ್ಬರಲ್ಲಿ ಒಬ್ಬರಿಗೆ ಮಾತು ನಿಂತಿತ್ತು, ಇನ್ನೊಬ್ಬರು ದಾಂಡೇಲಿಯಲ್ಲಿ ಗೋಡೆ ನೋಡುತ್ತ ಕೂತಿದ್ದರು. ಅವತ್ತೇ ಮಹಾಬಳೇಶ್ವರರ ಕೊರಳಿನ ಸ್ಕ್ಯಾನ್ ಆಯಿತು. ಮಿದುಳಿಗೆ ರಕ್ತ ಒಯ್ಯುವ ಎಡಗಡೆಯ ನಾಳ ಹತ್ತರಲ್ಲಿ ಎಂಟು ಪಾಲು ಕಟ್ಟಿಕೊಂಡಿತ್ತು. ವೈದ್ಯೆ ಗೂಳಪ್ಪನನ್ನೂ ನಿರ್ಮಲಾ ಅವರನ್ನೂ ಕೂರಿಸಿಕೊಂಡು ಚಿತ್ರ ತೋರಿಸಿದರು. ನಳದ ಪೈಪಿನಲ್ಲಿ ಸುಣ್ಣ ಕಟ್ಟಿದ ಹಾಗೆ ಒಳಗೋಡೆಗೆ ಕೊಬ್ಬು ಮೆತ್ತಿಕೊಂಡಿದೆ. ಅದರ ಚೂರು ಹಾರಿ ಅದೇ ಬದಿಯ ಕಣ್ಣಿಗೆ ಹೋದರೆ ಪರದೆ, ಮಿದುಳಿಗೆ ಹೋದರೆ ಎದುರು ಬದಿಯ ಮೈಗೆ ಲಕ್ವಾ. ಹೀಗೇ ಬಿಟ್ಟರೆ ಇನ್ನೊಂದು ಹೊಡೆತ ಬರಬಹುದು, ಅದು ಇದಕ್ಕಿಂತ ದೊಡ್ಡದಿರಬಹುದು.

ಗೂಳಪ್ಪ ತಡೆಯಲಾರದೆ ಕೇಳಿದರು. "ಹಂಗಾದ್ರ ನಾ ಮಾಡಿದ್ದಲ್ಲೇನ್ರಿ ಇದು?"

ವೈದ್ಯೆ ಸುಳ್ಳು ಸಮಾಧಾನ ಹೇಳಲಿಲ್ಲ. "ಈ ಕೊಬ್ಬು ನೀವು ಹಚ್ಚಿದ್ದಲ್ಲ. ಬೀಡಿದು, ಬೀಪಿದು, ಹದಿನೈದಿಪ್ಪತ್ತು ವರ್ಷದ್ದು. ಆದ್ರ ಇಂಥ ಗೋಣು ತಿರುವೋದು ಅಪಾಯ. ಕಡೀ ಚೂರು ನಿಮ್ಮ ಕೈಲಿಂದ ಹಾರ್ತೋ, ತಾನಾಗೇ ಹಾರ್ತೋ, ಅದನ್ನ ನಾನೂ ಹೇಳ್ಲಿಕ್ಕೆ ಆಗೂದಿಲ್ಲ. ಇನ್ನ ಮುಂದ ಯಾರ ಗೋಣೂ ತಿರುವಬ್ಯಾಡ್ರಿ. ಮತ್ತ ಇವತ್ತ ಬಂದು ಹೇಳಿದ್ರಲ್ಲ, ಅದು ಭಾಳ ದೊಡ್ಡ ಕೆಲಸ."

ಎರಡು ವಾರಕ್ಕೆ ಬೆಳಗಾವಿಯಲ್ಲಿ ಆಪರೇಶನ್ ಆಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಮೂರು ತಾಸು ನಿರ್ಮಲಾ ಒಂದು ತುದಿಗೆ, ಗೂಳಪ್ಪ ಇನ್ನೊಂದು ತುದಿಗೆ ಕೂತಿದ್ದರು. ನಾಳ ತೆರೆದು ಕೊಬ್ಬು ತೆಗೆದಾಯಿತು, ಸುಖವಾಗಿದ್ದಾರೆ ಎಂಬ ಸುದ್ದಿ ಬಂತು. ಸಂಜೆ ಒಳಗೆ ಬಿಟ್ಟರು. ಮಹಾಬಳೇಶ್ವರ ಕಣ್ಣು ತೆರೆದು, ಬಲಗೈಯ ಎರಡು ಬೆರಳು ಅಲ್ಲಾಡಿಸಿ, ತೊದಲುತ್ತ "ಚಹಾ" ಎಂದರು. ಗೂಳಪ್ಪ ಹೋ ಎಂದು ಅತ್ತುಬಿಟ್ಟರು. ಎದೆಯ ಮೇಲಿಟ್ಟಿದ್ದ ಕಲ್ಲು ಇಳಿದಿತ್ತು. ನರ್ಸಮ್ಮ ಬಂದು ಹೊರಗೆ ಹಾಕುವ ತನಕ ಅಳು ನಿಲ್ಲಲಿಲ್ಲ. ಹಿಂದೆಯೇ ಬಂದ ನಿರ್ಮಲಾ ಹೇಳಿದ್ದು ಒಂದೇ ಮಾತು. "ಹೊಲಿಗಿ ಬಿಚ್ಚಿದ ಮ್ಯಾಲ ಬಂದ ದಾಡಿ ಮಾಡು. ದೆವ್ವದಂಗ ಕಾಣ್ತಾರ."

ಅಂಗಡಿ ಮತ್ತೆ ತೆರೆಯಿತು. ಲಟಿಕೆ ಮಾತ್ರ ಅವತ್ತಿಗೇ ಮುಗಿಯಿತು. ಮಹಾಬಳೇಶ್ವರರ ಮನೆಗೆ ಹೋಗುವುದರಿಂದ ಶುರುವಾದ ಮನೆಮನೆ ಸುತ್ತು ಈಗ ಬೆಳೆದಿದೆ. ಅಂಗಡಿ ಒಂಬತ್ತಕ್ಕೆ, ಅದಕ್ಕೂ ಮೊದಲು ದಿನಕ್ಕೆ ನಾಲ್ಕೈದು ಮನೆ, ಹತ್ತು ಹನ್ನೆರಡು ಕಿಲೋಮೀಟರು ಸೈಕಲ್ಲು. ಎಲ್ಲರೂ ಲಕ್ವಾ ಆಗಿ ಹಾಸಿಗೆ ಹಿಡಿದವರೇ. ಎರಡು ವರ್ಷದಲ್ಲಿ ಇಪ್ಪತ್ತಮೂರು ಮಂದಿ. ಹೋದಲ್ಲೆಲ್ಲ ಕನ್ನಡಿಯನ್ನು ಸೋತ ಕೈಯಲ್ಲೇ ಹಿಡಿಸುತ್ತಾರೆ. "ನಡಗಲಿ ಬಿಡ್ರಿ. ನನ್ನ ಮಾರಿ ಹೆಂಗ ಆಗೈತಿ ನೋಡೂಣು ಅಂತ ಆಸೇಲೆ ಹಿಡೀತಾರ." ಹಾಗೆ ಹಿಡಿದು ಹಿಡಿದು ಏಳು ಮಂದಿ ಈಗ ತಮ್ಮ ದಾಡಿ ತಾವೇ ಮಾಡಿಕೊಳ್ಳುತ್ತಾರೆ. ಏಳು ಗಿರಾಕಿ ಕೈಬಿಟ್ಟು ಹೋದರೆಂದು ಇಷ್ಟು ಖುಷಿಪಡುವ ಹಡಪದನನ್ನು ಬೇರೆಲ್ಲಿ ಹುಡುಕೋಣ?

ಮೂರು ಪ್ರಶ್ನೆಯಂತೂ ಎಲ್ಲರಿಗೂ ಉಂಟು. ಯಾರಾದರೂ ಹೌದೆಂದರೆ, ದಾಡಿ ಅರ್ಧಕ್ಕೇ ನಿಲ್ಲಿಸಿ ಎಬ್ಬಿಸಿ ಆಸ್ಪತ್ರೆಗೆ ಕಳಿಸುತ್ತಾರೆ. ಹಾಗೆ ಹೋದ ಆರು ಜನರಲ್ಲಿ ಇಬ್ಬರ ಕೊರಳ ನಾಳ ಕಿರಿದಾಗಿದ್ದು ಸಿಕ್ಕಿದೆ. ಇಬ್ಬರೂ ಗುಳಿಗೆ ತಿಂದುಕೊಂಡು, ಓಡಾಡಿಕೊಂಡು ಇದ್ದಾರೆ.

ಮಂಗಳವಾರ ಕ್ಷೌರದಂಗಡಿಗಳಿಗೆ ರಜೆ. ಅವತ್ತು ಗೂಳಪ್ಪ ಬಸ್ಸು ಹತ್ತುತ್ತಾರೆ. ಹಳಿಯಾಳ, ಜೊಯಿಡಾ, ಒಮ್ಮೊಮ್ಮೆ ಮುಂಡಗೋಡದ ತನಕ. ರಜೆಯ ದಿನ ಹಡಪದರು ಮನೆಯಲ್ಲೇ ಸಿಗುತ್ತಾರಲ್ಲ! ಕೂತು ಚಹಾ ಕುಡಿದು, ಲಟಿಕೆ ಬಿಡ್ರಪ್ಪಾ ಎಂದು ತಮ್ಮ ಕತೆಯನ್ನೇ ಹೇಳುತ್ತಾರೆ. ಹಳಿಯಾಳದ ಈಶಪ್ಪ ಮೊದಮೊದಲು, "ನಿನ್ನ ಕೈ ಸೋತೈತಿ, ಅದಕ್ಕ ನಮಗ ಬುದ್ಧಿ ಹೇಳ್ತೀ" ಎಂದು ಕಿಚಾಯಿಸಿದ್ದರು. ಈಗ ಅವರೇ ಅಂಗಡಿಯ ಕನ್ನಡಿಯ ಮೇಲೆ 'ಗೋಣು ತಿರುವುವುದಿಲ್ಲ' ಎಂದು ಬರೆಸಿದ್ದಾರೆ.

ಬೆಳಗಿನ ಸುತ್ತಿನ ಕೊನೆಯ ಮನೆ ಬಂಗೂರನಗರದ್ದು. ಗೂಳಪ್ಪ ಹೋಗುವ ಹೊತ್ತಿಗೆ ಮಹಾಬಳೇಶ್ವರ ಕನ್ನಡಿ ಮುಂದೆ ಕೂತು ಬಲಗೈಯಿಂದಲೇ ದಾಡಿ ಮಾಡಿಕೊಳ್ಳುತ್ತಿದ್ದಾರೆ. ಕೈ ನಿಧಾನ, ಆದರೆ ನಡುಗುವುದಿಲ್ಲ. ಬಲಗಲ್ಲ, ಎಡಗಲ್ಲ, ಗದ್ದ ಮುಗಿಯುತ್ತದೆ. ಎಡ ಕಿವಿಯ ಕೆಳಗಿನಿಂದ ಕೊರಳಿಗೆ ಇಳಿಯುವ ಆಪರೇಶನ್ನಿನ ಗಾಯದ ಗೆರೆಗೆ ಬಂದಾಗ ರೇಜರು ಕೆಳಗಿಡುತ್ತಾರೆ. ಅಲ್ಲಿಯ ಚರ್ಮಕ್ಕೆ ಇನ್ನೂ ಸ್ಪರ್ಶ ಸರಿಯಾಗಿ ಮರಳಿಲ್ಲ.

"ಹೂಂ, ಗೂಳಪ್ಪಾ, ಬಾ."

"ಅಷ್ಟನ್ನೂ ನೀವ ಮಾಡ್ಕೋರಿ ಕಾಕಾರ. ಮೆಲ್ಲಕ ಮಾಡಿದ್ರ ಏನೂ ಆಗಂಗಿಲ್ಲ."

"ಆಗಂಗಿಲ್ಲ ಅಂತ ಗೊತ್ತೈತಿ. ಮಾಡು ನೀ."

ಚಹಾ ತಂದ ನಿರ್ಮಲಾ ಕಪ್ಪು ಕೆಳಗಿಟ್ಟು, "ನಾನ ಹೇಳೇನಿ ಅವರಿಗೆ. ಆ ಜಾಗಾ ಗೂಳಪ್ಪನ ಕೈಯಾಗ ಇರಲಿ ಅಂತ" ಎನ್ನುತ್ತಾರೆ. ಮಹಾಬಳೇಶ್ವರ ಕಣ್ಣು ಮುಚ್ಚಿ ಗದ್ದ ಮೇಲೆತ್ತುತ್ತಾರೆ. ಗೂಳಪ್ಪ ಹೊಸ ಬ್ಲೇಡು ಹಾಕಿ, ಎರಡು ಬೆರಳಿನಿಂದ ಚರ್ಮ ಬಿಗಿಹಿಡಿದು, ಗಾಯದ ಅಂಚಿನಲ್ಲೇ ಕತ್ತಿ ಆಡಿಸುತ್ತಾರೆ.

ಆಮೇಲೆ ಹೊರಗೆ ಬಂದು ಪೆಟ್ಟಿಗೆಯನ್ನು ಕ್ಯಾರಿಯರಿಗೆ ಬಿಗಿಯುತ್ತ ನಗುತ್ತಾರೆ. "ಊರ ಮಂದಿ ಎಲ್ಲಾ ಇಡೀ ಮಾರಿ ನನ್ನ ಕೈಯಾಗ ಕೊಡ್ತಾರ್ರಿ. ಕಾಕಾರು ನಾಕ ಬೆರಳ ಜಾಗಾ ಕೊಟ್ಟಾರ. ನನಗ ಅದ ಹೆಚ್ಚು."