ಎರಡು ಸಾಲಿನಲ್ಲಿ ಚಿಕ್ಕತಾಯಮ್ಮನ ಗದ್ದೆ

ಇವತ್ತು ಬೆಳಗ್ಗೆ ಒಂದು ಗಂಟೆ ಕಾಲ ಕಂಪ್ಯೂಟರಿನ ಜೊತೆ ಜಗಳವಾಡಿದೆ. ತಾರಸಿಯ ಮೇಲಿನ ನನ್ನ ನಿಂಬೆ ಗಿಡದ ಎಲೆ ಮುರುಟಿಕೊಳ್ಳುತ್ತಿದೆ. ಕೈತೋಟದವರೆಲ್ಲ ಸೇರಿ ಇಂಟರ್‌ನೆಟ್ಟಿನಲ್ಲಿ ಚರ್ಚೆ ಮಾಡುವ ತಾಣವೊಂದಿದೆ, ಅಲ್ಲಿ ಕೇಳೋಣ ಅಂತ ಕೂತೆ. ಪಾಸ್‌ವರ್ಡ್ ತಪ್ಪು ಎಂದಿತು. ಸರಿ ಮಾಡಿದೆ. ನೀವು ಮನುಷ್ಯರೇ ಹೌದೋ ಅಲ್ಲವೋ, ಬಸ್ಸಿರುವ ಚಿತ್ರಗಳನ್ನೆಲ್ಲ ಒತ್ತಿ ತೋರಿಸಿ ಎಂದಿತು. ಎಪ್ಪತ್ತು ದಾಟಿದ ಮುದುಕನನ್ನು ಕೇಳುವ ಮಾತೇ ಇದು? ಹಾಳಾಗಲಿ ಅಂತ ಅದನ್ನೂ ಒತ್ತಿದೆ. ಪ್ರಶ್ನೆ ಉದ್ದವಾಯಿತು, ಮೊಟಕು ಮಾಡಿ ಎಂದಿತು. ಮಾಡಿ ಕಳಿಸಿದರೆ ಬರೆದದ್ದೆಲ್ಲ ಮಾಯ, ಮತ್ತೆ ಪಾಸ್‌ವರ್ಡ್ ಕೇಳುತ್ತಾ ಕೂತಿದೆ! ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಎಪ್ಪತ್ತರ ದಶಕದಲ್ಲಿ ನಾನು ಮಂಡ್ಯದ ಹತ್ತಿರ ಕೊತ್ತತ್ತಿ ಕಡೆಯ ಒಂದು ಹಳ್ಳಿಯಲ್ಲಿ ಹೊಸ ಮೇಷ್ಟ್ರು. ಅಲ್ಲೂ ಒಂದು ಚರ್ಚಾ ಕೂಟವಿತ್ತು ನೋಡಿ. ಸಂಜೆ ಚಾವಡಿಯಲ್ಲಿ ಕೂತು ರೇಡಿಯೋದಲ್ಲಿ ಬೇಸಾಯದ ಕಾರ್ಯಕ್ರಮ ಕೇಳುವುದು, ಚರ್ಚೆ ಮಾಡುವುದು, ಸಂದೇಹವಿದ್ದರೆ ಕಾರ್ಡಿನಲ್ಲಿ ಬರೆದು ರೇಡಿಯೋದವರಿಗೆ ಹಾಕಿ ಉತ್ತರಕ್ಕೆ ವಾರಗಟ್ಟಲೆ ಕಾಯುವುದು. ರೇಡಿಯೋ ಇದ್ದದ್ದು ಬೀಗ ಹಾಕಿದ ಮರದ ಪೆಟ್ಟಿಗೆಯಲ್ಲಿ. ಬೀಗದ ಕೈ ಪಟೇಲರ ಸೊಂಟದಲ್ಲಿ, ಪಟೇಲರು ಮಂಡ್ಯದಲ್ಲಿ. ಅವರು ಬಂದು ಬೀಗ ತೆಗೆದರೆ ಬ್ಯಾಟರಿ ಸತ್ತಿರುತ್ತಿತ್ತು. ಬ್ಯಾಟರಿ ಚೆನ್ನಾಗಿದ್ದ ದಿನ ಏರಿಯಲ್ ತಂತಿಯ ಮೇಲೆ ಯಾರದೋ ಒದ್ದೆ ಪಂಚೆ. ಎಲ್ಲವೂ ಸರಿಯಿದ್ದರೆ, ನಮ್ಮೂರಿನ ಪ್ರಶ್ನೆಗೆ ಉತ್ತರ ಬರುವ ಹೊತ್ತಿಗೇ ನಾಲ್ಕು ಜನ ಒಟ್ಟಿಗೆ ಬಾಯಿ ಹಾಕುತ್ತಿದ್ದರು. "ಸುಮ್ಕಿರ್ಲಾ, ಏನೂ ಕೇಳಿಸ್ತಿಲ್ಲ ಕಣ್ಲಾ!" ಎಂದು ಅರಚುವವನ ಗಂಟಲೇ ಎಲ್ಲರಿಗಿಂತ ದೊಡ್ಡದು.

ಕೂಟದ ಕಾರ್ಯದರ್ಶಿ ನಾನೇ. ಕೈಬರಹ ದುಂಡಗಿತ್ತು, ಜಂಬ ಅದಕ್ಕಿಂತ ದುಂಡಗಿತ್ತು. ಒಂದು ಪ್ರಶ್ನೆಗೆ ಎರಡೇ ಸಾಲು ಅಂತ ಕಾನೂನು ಮಾಡಿದ್ದೂ ನಾನೇ, ಯಾರೂ ಹೇಳಿರಲಿಲ್ಲ.

ಚಿಕ್ಕತಾಯಮ್ಮನಿಗೆ ಗಂಡನಿರಲಿಲ್ಲ. ನಾಲೆಯ ಏರಿಯ ಕೆಳಗೆ ಒಂದೇ ಒಂದು ಗದ್ದೆಯಿತ್ತು. ಹೆಂಗಸರು ಚಾವಡಿಗೆ ಬರುತ್ತಿರಲಿಲ್ಲವಾದ್ದರಿಂದ ಆಕೆ ಸ್ಕೂಲಿನ ಜಗಲಿಗೇ ಬಂದಳು.

"ಮೇಷ್ಟ್ರೇ, ನನ್ ಗದ್ದೇಲಿ ಉಪ್ಪು ಮೇಲಕ್ಕೆ ಬತ್ತಾ ಅದೆ. ಬೆಳಿಗ್ಗೆ ನೋಡುದ್ರೆ ಸುಣ್ಣ ಬಳ್ದಂಗಿರ್ತದೆ. ಏರಿ ಮಗ್ಗುಲಿಂದ ನೀರು ಜಿನುಗ್ತಾನೇ ಅದೆ, ಆಚೆಗೆ ಓಗಕ್ಕೆ ದಾರಿ ಇಲ್ಲ. ನಂಗಿರೋದು ಅದೊಂದೇ. ಏನ್ ಮಾಡ್ಬೇಕು ಕೇಳಿ."

ಅಲ್ಲಿಂದ ಮಾತು ಅತ್ತೆಯ ಕಾಲದ ಬೆಳೆಗೆ ಹೋಯಿತು, ಪಕ್ಕದವನು ಬದು ಒತ್ತರಿಸಿದ್ದಕ್ಕೆ ಬಂತು. ನಾನು ಹೂಂ ಹೂಂ ಎನ್ನುತ್ತಲೇ ಬರೆದೆ: 'ಗದ್ದೆಯಲ್ಲಿ ಲವಣಾಂಶ ಕಂಡುಬಂದಲ್ಲಿ ಪರಿಹಾರವೇನು?' ಏರಿ, ಜಿನುಗುವ ನೀರು ಎಲ್ಲ ಹರಟೆಯೆಂದು ಬಿಟ್ಟೆ. ಎರಡು ಸಾಲೂ ಬೇಕಾಗಲಿಲ್ಲವಲ್ಲ ಅಂತ ಬೀಗಿದೆ ಕೂಡ.

ಉತ್ತರ ಬಂತು. ಗದ್ದೆಗೆ ನೀರು ಕಟ್ಟಿ ನಿಲ್ಲಿಸಿ, ಉಪ್ಪು ತೊಳೆದುಹೋಗುತ್ತದೆ ಎಂದರು. ನಾನೇ ಓಡಿಹೋಗಿ ಹೇಳಿದೆ. ಆಕೆ ಮೂರು ಸಲ ನೀರು ಕಟ್ಟಿ ನಿಲ್ಲಿಸಿದಳು, ನಾಟಿ ಹಾಕಿದಳು. ಪೈರು ಬೇರು ಹಿಡಿಯಲೇ ಇಲ್ಲ, ನಿಂತಲ್ಲೇ ಕೊಳೆಯಿತು. ಆ ವರ್ಷ ಚಿಕ್ಕತಾಯಮ್ಮ ಬೇರೆಯವರ ಗದ್ದೆಗೆ ಕೂಲಿ ನಾಟಿಗೆ ಹೋದಳು.

ಆಮೇಲೆ ಬಂದ, ಬೇಸಾಯದ ಸಲಹೆ ಕೊಡುವ ಗ್ರಾಮಸೇವಕರು ಗದ್ದೆ ನೋಡಿ, ನಾನು ಬರೆದು ಕಳಿಸಿದ ಪ್ರಶ್ನೆ ಕೇಳಿ ನನ್ನ ಮೇಲೇ ರೇಗಿದರು. "ಏರಿ ಕೆಳಗಿನ ಗದ್ದೆ ಅಂತ ಬರೀಬಾರದಾ? ಮೊದಲು ಬಸಿಗಾಲುವೆ ತೆಗೆದು ನೀರಿಗೆ ದಾರಿ ಮಾಡಬೇಕು, ನೀರು ಕಟ್ಟೋದು ಆಮೇಲೆ!"

ಮಾರನೆಯ ದಿನ ಚಿಕ್ಕತಾಯಮ್ಮ ಜಗಲಿಯ ಮುಂದೆ ನಿಂತಳು. ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ.

"ನಾನ್ ಯೋಳಿದ್ದೆಲ್ಲಾನೂ ಬರ್ದಿದ್ರಾ ಮೇಷ್ಟ್ರೇ?"

"ಬರೆದಿದ್ದೆನಲ್ಲಮ್ಮ, ಎಲ್ಲಾನೂ."

"ಅಂಗಾದ್ರೆ ರೇಡಿಯೋದವ್ರಿಗೇ ಗೊತ್ತಿಲ್ಲ ಬುಡಿ," ಎಂದು ಹೊರಟೇ ಹೋದಳು. ಒಂದು ಬೈಗುಳವನ್ನಾದರೂ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಇವತ್ತು ಇದೆಲ್ಲ ನೆನಪಾದ ಮೇಲೆ ಕಂಪ್ಯೂಟರಿನ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನಾಚಿಕೆಯಾಯಿತು, ಈ ವಯಸ್ಸಿನಲ್ಲಿ ಕಿವಿ ಬಿಸಿಯಾಗುವಷ್ಟು.

"ಇಲ್ಲ ಚಿಕ್ಕತಾಯಮ್ಮ, ಬರೆದಿರಲಿಲ್ಲ," ಎಂದೆ, ಗಟ್ಟಿಯಾಗಿಯೇ.

"ಯಾರ ಜೊತೇರೀ ಮಾತು?" ಅಡುಗೆಮನೆಯಿಂದ ನನ್ನಾಕೆ ಕೇಳಿದಳು.

"ಒಲೆ ಆರಿಸಿ ಬಾ," ಎಂದೆ. "ನಾನು ಒಬ್ಬಳಿಗೆ ಸುಳ್ಳು ಹೇಳಿದ್ದೆ, ಕೂತು ಕೇಳು."